ಬ್ಯಾಡಗಿಯ ಘಾಟು, ಉಸಿರಿನ ನೆನಪು

ಹಾವೇರಿಯ ಏಲಕ್ಕಿ ಹಾರವನ್ನು ಕಣ್ಣಿನಿಂದ ಮಾತ್ರ ನೋಡಿದರೆ ಅರ್ಧ ನೋಡಿದಂತೆ. ಮಲೆನಾಡಿನ ಏಲಕ್ಕಿಯನ್ನು ಆಯ್ದು, ಹದಮಾಡಿ, ಮಣಿ, ರೇಷ್ಮೆದಾರಗಳ ಜೊತೆಗೆ ಎಸಳು ಎಸಳಾಗಿ ಪೋಣಿಸುವ ಕೈಚಳಕ ದೊಡ್ಡದು, ನಿಜ. ಆದರೆ ಹಾರವನ್ನು ಮುಖದ ಹತ್ತಿರ ಹಿಡಿದು ದೀರ್ಘವಾಗಿ ಉಸಿರೆಳೆದುಕೊಂಡಾಗಲೇ ಅದು ಪೂರ್ತಿ ನಮ್ಮದಾಗುವುದು. ಫೆಬ್ರುವರಿ ಕೊನೆಯ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಉಸಿರೆಳೆದೆ. ಹೊಳ್ಳೆಯಿಂದ ಗಂಟಲಿನ ತನಕ ಸಣ್ಣದೊಂದು ತಂಪು ಇಳಿದುಹೋಯಿತು.

ಗಾಳಿಯೇನೂ ತಂಪಾಗಿರಲಿಲ್ಲ. ಏಲಕ್ಕಿ ಎಣ್ಣೆಯಲ್ಲಿ ಸಿನಿಯೋಲ್ ಎಂಬ ಅಂಶವಿದೆ. ರಾಣೆಬೆನ್ನೂರಿನ ನೀಲಗಿರಿ ತೋಪುಗಳ ಎಲೆಯಲ್ಲೂ ಇರುವುದು ಅದೇ. ಚಳಿಯನ್ನು ಗುರುತಿಸಲು ನಮ್ಮ ನರತುದಿಗಳಲ್ಲಿರುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನು ಅದು ಹೋಗಿ ತಟ್ಟುತ್ತದೆ, ಮಿದುಳು ತಂಪೆಂದು ನಂಬುತ್ತದೆ. ಈ ಗ್ರಾಹಕದ ಬಳಗದಲ್ಲೇ ಇನ್ನೊಂದಿದೆ, ಟಿಆರ್‌ಪಿವಿ1. ಅದು ಸುಡುವ ಬಿಸಿಯನ್ನು ಗುರುತಿಸುವಂಥದ್ದು, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದು ಅದನ್ನು. ಅಮೆರಿಕದ ಡೇವಿಡ್ ಜೂಲಿಯಸ್ 1997ರಲ್ಲಿ ಅದನ್ನು ಪತ್ತೆಹಚ್ಚಿದರು, 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಹಂಚಿಕೊಂಡರು. ಹಾವೇರಿ ಜಿಲ್ಲೆಯಾದದ್ದೂ 1997ರಲ್ಲೇ. ಕಾಕತಾಳೀಯ, ಆದರೂ ಬಸ್‌ಸ್ಟ್ಯಾಂಡಿನಲ್ಲಿ ಇದು ನೆನಪಾಗಿ ಖುಷಿಯಾಯಿತು. ಒಂದು ಟಿಕೆಟ್ಟಿನ ದೂರದಲ್ಲಿ ಮನುಷ್ಯನ ಮೂಗು ಚಳಿಯ ಗ್ರಾಹಕದಿಂದ ಬೆಂಕಿಯ ಗ್ರಾಹಕಕ್ಕೆ ಪ್ರಯಾಣ ಮಾಡುವ ಜಿಲ್ಲೆ ಇದು.

ನಾನು ಹೊರಟಿದ್ದೂ ಉಸಿರಿನ ದಾರಿಯನ್ನು ಬೆನ್ನುಹತ್ತಿಕೊಂಡೇ. ಮೂಗಿನಿಂದ ಶ್ವಾಸಕೋಶದ ಸಣ್ಣ ಕೊಳವೆಗಳವರೆಗೆ ಆ ದಾರಿಯ ಗೋಡೆಗೆ ಜೀವಕೋಶಗಳ ಒಂದು ಒಳಪದರವಿದೆ. ಅದಕ್ಕೂ ನೆನಪಿದೆ ಎಂದು ಓದಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಹಾಗಾದರೆ ಪ್ರತಿ ಉಸಿರಿನಲ್ಲೂ ಧೂಳು ನುಂಗುವ ಊರುಗಳಲ್ಲಿ ಆ ಗೋಡೆ ಏನೇನು ನೆನಪಿಟ್ಟುಕೊಂಡಿರಬಹುದು?

ಮೋಟೆಬೆನ್ನೂರಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಬ್ಯಾಡಗಿ ರಸ್ತೆಗೆ ಹೊರಳಿತು. ಎದುರಿನಿಂದ ಲಾರಿಗಳು, ಟಾಟಾ ಏಸ್‌ಗಳು, ಟ್ರ್ಯಾಕ್ಟರುಗಳು. ಎಲ್ಲದರ ಮೈಮೇಲೂ ಕೆಂಪು. ಊರು ಇನ್ನೂ ಕಾಣುವ ಮೊದಲೇ ಹಿಂದಿನ ಸೀಟಿನಲ್ಲಿ ಒಬ್ಬರು ಸೀನಿದರು, ಆಮೇಲೆ ಇನ್ನೊಬ್ಬರು. ಕಂಡಕ್ಟರ್ ಮಾತ್ರ ಏನೂ ಆಗದವರ ಮುಖದಲ್ಲಿ ಟಿಕೆಟ್ ಹರಿಯುತ್ತಿದ್ದರು.

ಅಂದು ಸೋಮವಾರ, ಮಾರುಕಟ್ಟೆಯ ದಿನ. ಬ್ಯಾಡಗಿ ಎಪಿಎಂಸಿ ಪ್ರಾಂಗಣವನ್ನು ಕಲ್ಪಿಸಿಕೊಳ್ಳುವುದು ಕಷ್ಟ, ನಿಂತು ನೋಡಬೇಕು. ದಲಾಲಿ ಅಂಗಡಿಗಳ ಮುಂದೆ ಕಣ್ಣು ಹಾಯುವವರೆಗೆ ಚೀಲಗಳ ಸಾಲು, ಪ್ರತಿ ಚೀಲದ ಬಾಯಿ ಬಿಚ್ಚಿ ಮೆಣಸಿನಕಾಯಿ ಹೊರಗಿಣುಕಿದೆ. ಖರೀದಿದಾರರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ತೇವ ನೋಡುತ್ತಾರೆ, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ, ಮೊಬೈಲಿನಲ್ಲಿ ಟೆಂಡರ್ ಹಾಕುತ್ತಾರೆ. ಕಾಯಿಯಲ್ಲಿ ಎರಡು ಬಗೆ. ಕಡ್ಡಿ ಉದ್ದ, ಸಣಕಲು, ಮೈತುಂಬಾ ಸುಕ್ಕು. ಡಬ್ಬಿ ಗಿಡ್ಡ, ದುಂಡು, ಒಳಗೆ ಬೀಜ ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಹೆಚ್ಚುಗಾರಿಕೆ ಬಣ್ಣ. ಖಾರ ಗುಂಟೂರಿನದಕ್ಕಿಂತ ಬಹಳ ಕಡಿಮೆ. ಇದರಿಂದ ತೆಗೆದ ಓಲಿಯೋರೆಸಿನ್ ತುಟಿಯ ಬಣ್ಣಕ್ಕೂ ಹೋಗುತ್ತದೆ. ಕೆಂಪು ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆಯಲು ಆಸ್ಟಾ ಎಂಬ ಮಾನವೇ ಇದೆ.

ಒಂದು ಗೋದಾಮಿನ ನೆರಳಲ್ಲಿ ಹೆಂಗಸರು ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು. ಎಡಗೈಯಲ್ಲಿ ಕಾಯಿ, ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ತೊಟ್ಟು. ಒಂದು ಸಣ್ಣ ತಿರುವು, ಚಟ್ ಎಂಬ ಸದ್ದು, ತೊಟ್ಟು ಈ ಕಡೆ, ಕಾಯಿ ಆ ಕಡೆ. ಪ್ರತಿ ಸಲವೂ ತೊಟ್ಟಿನ ಬುಡದಿಂದ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕೆಂಪು ಧೂಳು ಏಳುತ್ತಿತ್ತು. ಬಾಗಿಲಿನಿಂದ ಬಿದ್ದ ಬಿಸಿಲಕೋಲಿನಲ್ಲಿ ಅದು ಬಹಳ ಹೊತ್ತು ತೇಲುತ್ತಿತ್ತು, ಕೆಳಗೆ ಬೀಳುವ ಲಕ್ಷಣವೇ ಇಲ್ಲ. ಎಲ್ಲರ ಮೂಗಿಗೂ ಸೆರಗು. ನನ್ನ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮಾತಾಡಲು ಬಾಯಿ ತೆರೆದರೆ ಕೆಮ್ಮು.

"ನಿಮಗ ಕೆಮ್ಮು ಬರಂಗಿಲ್ಲೇನ್ರಿ ಅಕ್ಕಾರ?" ಎಂದು ಹೇಗೋ ಕೇಳಿದೆ.

"ಸೀಜನ್ ಚಾಲೂ ಆದಾಗ ನಾಕೈದು ದಿನಾ ಬರತೈತ್ರಿ ಅಣ್ಣಾರ. ಆಮ್ಯಾಲ ಮೂಗ ಮರತ ಬಿಡತೈತಿ" ಅಂದರು, ಕೈ ನಿಲ್ಲಿಸದೆ.

ಅವರು ಹೇಳಿದ್ದು ನರಗಳ ಮಟ್ಟಿಗೆ ಅಕ್ಷರಶಃ ಸರಿ. ಕ್ಯಾಪ್ಸೈಸಿನ್ ಪದೇ ಪದೇ ತಟ್ಟಿದರೆ ಟಿಆರ್‌ಪಿವಿ1 ದಣಿಯುತ್ತದೆ. ನರತುದಿಯೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಗ್ರಾಹಕ ಮಂಕಾಗುತ್ತದೆ, ಉರಿಯ ಸುದ್ದಿ ಒಯ್ಯುವ ರಾಸಾಯನಿಕದ ದಾಸ್ತಾನು ಖಾಲಿಯಾಗುತ್ತದೆ. ಹಂಗೇರಿಯ ಯಾಂಚೊ ಮಿಕ್ಲೋಶ್ ಇದನ್ನು 1940ರ ದಶಕದಲ್ಲೇ ಪ್ರಾಣಿಗಳಲ್ಲಿ ಕಂಡಿದ್ದರು. ಹಂಗೇರಿಯೂ ಮೆಣಸಿನಕಾಯಿಯ ನಾಡು ಎಂಬುದನ್ನು ಇಲ್ಲಿ ಹೇಳಲೇಬೇಕು. ಹೀಗೆ ಉರಿ ನಿಲ್ಲುತ್ತದೆ, ಕೆಮ್ಮು ನಿಲ್ಲುತ್ತದೆ. ಧೂಳು ನಿಲ್ಲುವುದಿಲ್ಲ. ಅದು ಒಳಗೆ ಹೋಗಿ ಗೋಡೆಯ ಮೇಲೆ ಕೂರುತ್ತದೆ, ಮತ್ತು ನರ ಮರೆತದ್ದನ್ನು ಗೋಡೆಯೂ ಮರೆಯಬೇಕೆಂದಿಲ್ಲ.

ಆ ಗೋಡೆಯ ಬಗ್ಗೆ ಸ್ವಲ್ಪ ಹೇಳಬೇಕು. ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಅದನ್ನು ಸವರಿಕೊಂಡು ಹೋಗುತ್ತದೆ. ಮೇಲ್ಗಡೆ ಸೂಕ್ಷ್ಮ ರೋಮಗಳಿರುವ ಕೋಶಗಳು, ಒಂದೊಂದರ ತಲೆಯ ಮೇಲೂ ನೂರಾರು ರೋಮ, ಸೆಕೆಂಡಿಗೆ ಹತ್ತು ಹನ್ನೆರಡು ಸಲ ಬಡಿಯುತ್ತವೆ. ನಡುನಡುವೆ ಲೋಳೆ ಸುರಿಸುವ ಕೋಶಗಳು. ಲೋಳೆಗೆ ಅಂಟಿದ ಧೂಳನ್ನು ರೋಮಗಳು ಮೇಲಕ್ಕೆ, ಗಂಟಲಿನ ಕಡೆಗೆ, ಹಗಲೂ ರಾತ್ರಿ ತಳ್ಳುತ್ತವೆ. ತಳದಲ್ಲಿ ಬುಡಕೋಶಗಳಿವೆ. ಮೇಲಿನವು ಸತ್ತಾಗ ಇವು ಒಡೆದು ಹೊಸದನ್ನು ಹುಟ್ಟಿಸುತ್ತವೆ, ತಾವು ಬಹುಕಾಲ ಉಳಿಯುತ್ತವೆ. ಈ ಬುಡಕೋಶಗಳೇ ಕಥೆಯ ಕೇಂದ್ರ.

ಶಾಲೆಯಲ್ಲಿ ನಾವು ಕಲಿತದ್ದು ಹೀಗೆ: ರೋಗದ ನೆನಪು ಇರುವುದು ರಕ್ತದ ಬಿ ಮತ್ತು ಟಿ ಕೋಶಗಳಲ್ಲಿ, ಹುಟ್ಟಿನಿಂದಲೇ ಬಂದ ಸಹಜ ರಕ್ಷಣೆಗೆ ನೆನಪಿಲ್ಲ, ಅದು ಪ್ರತಿ ಸಲವೂ ಹೊಸದಾಗಿ ಶುರು. ಗಿಡಗಳನ್ನು ಓದಿದವರು ಇದನ್ನು ಬಹಳ ಹಿಂದೆಯೇ ಅನುಮಾನಿಸಬಹುದಿತ್ತು. 1961ರಲ್ಲಿ ಎ. ಫ್ರಾಂಕ್ ರಾಸ್, ತಂಬಾಕಿನ ಒಂದು ಎಲೆಗೆ ಮೊಸಾಯಿಕ್ ವೈರಸ್ ತಗುಲಿಸಿದರೆ ಉಳಿದ ಎಲೆಗಳೂ ಮುಂದಿನ ಸೋಂಕಿಗೆ ಗಟ್ಟಿಯಾಗುವುದನ್ನು ತೋರಿಸಿದರು. ಗಿಡಕ್ಕೆ ರಕ್ತವಿಲ್ಲ, ಬಿ ಕೋಶವಿಲ್ಲ, ಟಿ ಕೋಶವಿಲ್ಲ. ಆದರೂ ಅದು ನೆನಪಿಟ್ಟುಕೊಂಡಿತು. ತಂಬಾಕು, ಮೆಣಸಿನಕಾಯಿ ಎರಡೂ ಒಂದೇ ಸಸ್ಯಕುಲದವು. ಮುಟುರು ರೋಗದೊಂದಿಗೆ ಹೆಣಗುವ ಬ್ಯಾಡಗಿ ಸೀಮೆಯ ರೈತನಿಗೆ ಈ ಸಂಗತಿ ನನಗಿಂತ ಹೆಚ್ಚು ಹತ್ತಿರದ್ದು.

ಮನುಷ್ಯರ ವಿಷಯದಲ್ಲಿ ಮಾತು ಗಟ್ಟಿಯಾದದ್ದು 2011ರಲ್ಲಿ, ನೆದರ್ಲೆಂಡ್ಸಿನ ಮಿಹಾಯ್ ನೆಟಿಯಾ ಮತ್ತು ಸಂಗಡಿಗರು ಸಹಜ ರಕ್ಷಣೆಗೂ ತರಬೇತಿ ಸಿಗುತ್ತದೆ ಎಂದು ಬರೆದಾಗ. ತುಂಬು ಬಿಡಿಸುತ್ತಿದ್ದ ಅಕ್ಕನ ಎಡತೋಳಿನ ಮೇಲೆ, ರವಿಕೆಯ ಅಂಚಿನ ಕೆಳಗೆ, ಕಾಸಿನಗಲದ ಬಿಸಿಜಿ ಗುರುತಿತ್ತು. ಕ್ಷಯದ ವಿರುದ್ಧ ಹಾಕುವ ಆ ಲಸಿಕೆ ಪಡೆದವರ ರಕ್ತದ ಮಾನೊಸೈಟ್ ಕೋಶಗಳು ಮೂರು ತಿಂಗಳ ನಂತರವೂ ಕ್ಷಯಕ್ಕೆ ಸಂಬಂಧವೇ ಇಲ್ಲದ ಸೂಕ್ಷ್ಮಜೀವಿಗಳಿಗೆ ಹೆಚ್ಚು ಚುರುಕಾಗಿ ಎದುರು ನಿಲ್ಲುತ್ತಿದ್ದವು ಎಂದು ನೆಟಿಯಾ ಬಳಗ 2012ರಲ್ಲಿ ತೋರಿಸಿತು.

ಆದರೆ ಅವೂ ರಕ್ತದ ಕೋಶಗಳೇ. ಗೋಡೆಯ ಮಾತು ಬಂದದ್ದು ಇನ್ನೂ ಈಚೆಗೆ. 2017ರಲ್ಲಿ ನ್ಯೂಯಾರ್ಕಿನ ಎಲೈನ್ ಫುಕ್ಸ್ ಅವರ ಪ್ರಯೋಗಾಲಯದಲ್ಲಿ ಶ್ರುತಿ ನಾಯಕ್, ಇಲಿಯ ಚರ್ಮಕ್ಕೆ ಒಮ್ಮೆ ಉರಿಯೂತ ಬಂದು ವಾಸಿಯಾದರೆ ತಿಂಗಳುಗಳ ನಂತರ ಅದೇ ಜಾಗದ ಗಾಯ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಮಾಯುತ್ತದೆ ಎಂದು ಕಂಡರು. ನೆನಪು ಇದ್ದದ್ದು ಚರ್ಮದ ಮೂಲಕೋಶಗಳಲ್ಲೇ. 2018ರಲ್ಲಿ ಹೊಸೆ ಒರ್ಡೊವಾಸ್-ಮೊಂಟಾನ್ಯೆಸ್, ಅಲೆಕ್ಸ್ ಶಾಲೆಕ್, ನೋರಾ ಬ್ಯಾರೆಟ್ ಮತ್ತಿತರರು ಮೂಗಿನೊಳಗೆ ದುರ್ಮಾಂಸ ಬೆಳೆದ ರೋಗಿಗಳ ಒಳಪದರವನ್ನು ಒಂದೊಂದೇ ಕೋಶವಾಗಿ ಓದಿದರು. ಅಲ್ಲಿನ ಬುಡಕೋಶಗಳನ್ನು ದೇಹದಿಂದ ಹೊರತೆಗೆದು ವಾರಗಟ್ಟಲೆ ತಟ್ಟೆಯಲ್ಲಿ ಬೆಳೆಸಿದರೂ ಅವು ಅಲರ್ಜಿಯ ಪಾಠ ಮರೆಯಲಿಲ್ಲ. ಸುತ್ತ ಧೂಳಿಲ್ಲ, ರಕ್ತವಿಲ್ಲ, ರೋಗಿಯೇ ಇಲ್ಲ. ಆದರೂ ಆ ಕೋಶಗಳು ರೋಗದಲ್ಲೇ ಇದ್ದವು. ಓದಿದಾಗ ನನ್ನ ಮೈ ಜುಮ್ಮೆಂದಿತ್ತು. ಬ್ಯಾಡಗಿಯ ಗೋದಾಮಿನಲ್ಲಿ ನಿಂತು ನೆನೆದಾಗ ಮತ್ತೊಮ್ಮೆ ಹಾಗಾಯಿತು.

ನೆನಪು ಕೂರುವುದೆಲ್ಲಿ? ವಂಶವಾಹಿಯ ಅಕ್ಷರಗಳು ಬದಲಾಗುವುದಿಲ್ಲ. ಕೋಶದೊಳಗೆ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಉರಿಯೂತದ ಹೊತ್ತಿನಲ್ಲಿ ಬೇಕಾದ ಭಾಗ ಬಿಚ್ಚಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಈ ಸೀಮೆಯ ಎರೆಹೊಲದಲ್ಲಿ ಮಳೆಗಾಲದ ಕೆಸರಿನಲ್ಲಿ ಒಂದು ಬಂಡಿ ಹೋದರೆ, ನೆಲ ಒಣಗಿದ ಮೇಲೆ ಆ ಜಾಡು ಗಟ್ಟಿಯಾಗಿ ನಿಲ್ಲುತ್ತದೆ, ಮುಂದಿನ ಬಂಡಿಯ ಗಾಲಿ ತಾನಾಗಿ ಅದರೊಳಗೇ ಇಳಿಯುತ್ತದೆ. ಕೋಶದೊಳಗೆ ಆಗುವುದೂ ಅದೇ. ಜಾಡು ಒಳ್ಳೆಯ ಕಡೆಗೆ ಒಯ್ಯುವುದೋ ಕೆಟ್ಟ ಕಡೆಗೋ ಎಂಬುದು ಮೊದಲ ಬಂಡಿ ಯಾವುದು ಎಂಬುದರ ಮೇಲಿದೆ.

ಆ ಮೊದಲ ಬಂಡಿಯನ್ನು ಹುಡುಕಿಕೊಂಡೇ ಕಾಗಿನೆಲೆಯ ದಾರಿ ಹಿಡಿದೆ. ಕನಕದಾಸರ ಆದಿಕೇಶವನ ದರ್ಶನವಾಯಿತು. ಆಮೇಲೆ ಪರಿಚಿತರೊಬ್ಬರ ಹಳ್ಳಿ ಮನೆ. ಹಳೆಯ ಮನೆ, ತಲೆಬಾಗಿಲು ದಾಟಿದರೆ ಮುಂಭಾಗವೆಲ್ಲ ದನಗಳದ್ದು, ಎತ್ತರದ ಕಟ್ಟೆಯ ಮೇಲೆ ಮನುಷ್ಯರದ್ದು. ಎರಡು ಎತ್ತು, ಒಂದು ಎಮ್ಮೆ, ಒಂದು ಕರು. ತೊಟ್ಟಿಲು ಕಟ್ಟೆಯ ತೊಲೆಗೇ ಕಟ್ಟಿತ್ತು. ಕೂಸು ಮಲಗಿದ್ದ ಜಾಗದಿಂದ ಕರುವಿನ ಮೂಗು ಎರಡು ಮಾರು ದೂರವೂ ಇರಲಿಲ್ಲ. ಮನೆಯ ಅಜ್ಜಿ ಸಗಣಿ ಬಾಚಿ ನೆಲ ಗುಡಿಸಿದರು, ಒಣಹುಲ್ಲಿನ ಧೂಳು ಎದ್ದಿತು, ಕೂಸು ಒಮ್ಮೆ ಸೀನಿ ಮತ್ತೆ ನಿದ್ದೆಹೋಯಿತು.

ಇಂಥ ಕೊಟ್ಟಿಗೆಗಳ ಧೂಳಿನ ಮೇಲೆ ಯುರೋಪಿನಲ್ಲಿ ದಶಕಗಳ ಕೆಲಸ ನಡೆದಿದೆ. ಹಸು ಸಾಕುವ ಮನೆಗಳ ಮಕ್ಕಳಲ್ಲಿ ಉಬ್ಬಸ, ಅಲರ್ಜಿ ಕಡಿಮೆ ಎಂದು ಜರ್ಮನಿಯ ಎರಿಕಾ ಫಾನ್ ಮುಟಿಯಸ್ ಮೊದಲಾದವರು ಮತ್ತೆ ಮತ್ತೆ ಕಂಡರು. ಅಮೆರಿಕದಲ್ಲಿ ಆಮಿಶ್ ಮತ್ತು ಹಟ್ಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಎರಡಕ್ಕೂ ಮೂಲ ಮಧ್ಯ ಯುರೋಪು, ಊಟ, ಬದುಕು ಬಹುಪಾಲು ಒಂದೇ ಥರ. ಆಮಿಶರು ಮನೆಯ ಪಕ್ಕದಲ್ಲೇ ಕೊಟ್ಟಿಗೆ ಇಟ್ಟುಕೊಂಡು ಕುದುರೆ ಕಟ್ಟಿ ಉಳುವವರು. ಹಟ್ಟರೈಟರದ್ದು ಯಂತ್ರದ ಬೇಸಾಯ, ಕೊಟ್ಟಿಗೆ ದೂರ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಬ್ಬಸ ಆಮಿಶ್ ಮಕ್ಕಳಲ್ಲಿ ಸುಮಾರು ಶೇಕಡ 5, ಹಟ್ಟರೈಟ್ ಮಕ್ಕಳಲ್ಲಿ ಸುಮಾರು 21. ಆಮಿಶ್ ಮನೆಯ ಧೂಳಿನಲ್ಲಿ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಕವಚದ ಚೂರು, ಸುಮಾರು ಏಳು ಪಟ್ಟು ಹೆಚ್ಚು.

ಈ ರಕ್ಷಣೆ ಗೋಡೆಯಲ್ಲೇ ನೆಲೆಸಿದೆ ಎಂದು ತೋರಿಸಿದ್ದು ಬೆಲ್ಜಿಯಂನ ಗೆಂಟ್ ನಗರದ ಹಮೀದಾ ಹಮ್ಮದ್ ಮತ್ತು ಬಾರ್ಟ್ ಲಂಬ್ರೆಖ್ಟ್ ಅವರ ಬಳಗ, 2015ರಲ್ಲಿ. ಇಲಿಗಳಿಗೆ ಎರಡು ವಾರ, ದಿನ ಬಿಟ್ಟು ದಿನ, ತುಸುತುಸುವೇ ಎಂಡೋಟಾಕ್ಸಿನ್ ಉಸಿರಾಡಿಸಿದರು. ಆಮೇಲೆ ಧೂಳುನುಸಿಯ ಅಲರ್ಜಿ ಹಚ್ಚಲು ನೋಡಿದರೆ ಹತ್ತಲಿಲ್ಲ. ಶ್ವಾಸನಾಳದ ಒಳಪದರದ ಕೋಶಗಳು ಎ20 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಂಡು ಉರಿಯೂತದ ಕೂಗನ್ನು ತಗ್ಗಿಸಿದ್ದವು. ಆ ಪದರದಲ್ಲಿ ಮಾತ್ರ ಎ20 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಎಂಡೋಟಾಕ್ಸಿನ್ ಕೊಟ್ಟರೂ ರಕ್ಷಣೆ ಸಿಗಲಿಲ್ಲ. ತೊಟ್ಟಿಲ ಕೂಸಿನ ಆ ಒಂದು ಸೀನಿನೊಳಗೆ ಇಷ್ಟು ದೊಡ್ಡ ಪಾಠಶಾಲೆ ನಡೆಯುತ್ತಿರುತ್ತದೆ ಎಂದುಕೊಂಡು ಅಲ್ಲೇ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ಹಾಗೆಂದು ಧೂಳೇ ಔಷಧ ಎಂದು ಯಾರೂ ತಿಳಿಯಬಾರದು. ಅದೇ ಮನೆಯ ಒಳಗೋಣೆಯಲ್ಲಿ ಸೌದೆ ಒಲೆಯ ಹೊಗೆ ತುಂಬಿತ್ತು. ಆ ಹೊಗೆಗೆ ಇಂಥ ಯಾವ ಗುಣವೂ ಇಲ್ಲ, ಅದು ಗೋಡೆಯನ್ನು ತಿನ್ನುವಂಥದ್ದು.

ಅಲ್ಲಿಂದ ರಾಣೆಬೆನ್ನೂರು. 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಇಲ್ಲಿದೆ, ಹೈಬ್ರಿಡ್ ಬೀಜಗಳ ವ್ಯಾಪಾರಕ್ಕೆ ಊರು ಹೆಸರುವಾಸಿ. ನನಗೆ ಬೇಕಾದದ್ದು ಇವೆರಡೂ ಅಲ್ಲ, ಹತ್ತಿ. ಹಿಂದಿನಿಂದಲೂ ಹತ್ತಿಯ ಪೇಟೆಯಾದ ಈ ಊರಿಗೆ ಗಿರಣಿಗಳ ದಾವಣಗೆರೆ ಹತ್ತಿರ. ಅಲ್ಲಿನ ಗಿರಣಿಯೊಂದರಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಊರಿಗೆ ಮರಳಿದ ಹಿರಿಯರೊಬ್ಬರು ಚಹಾದಂಗಡಿಯ ಬೆಂಚಿನ ಮೇಲೆ ಸಿಕ್ಕರು. ಕಾರ್ಡಿಂಗ್ ಖಾತೆಯಲ್ಲಿದ್ದವರು. ಹತ್ತಿಯ ಎಳೆ ಹಿಂಜುವ ಆ ಖಾತೆಯಲ್ಲೇ ಧೂಳು ಎಲ್ಲಕ್ಕಿಂತ ಹೆಚ್ಚು.

"ರಜಾ ಮುಗಿಸಿ ಹೋದ ದಿನಾನ ಎದಿ ಬಿಗೀತಿತ್ರೀ ಸಾಹೇಬ್ರ. ಮರುದಿನ ಹಗೂರ. ಅದರ ಮರುದಿನ ಏನೂ ಇಲ್ಲ. ಮತ್ತ ರಜಾ, ಮತ್ತ ಅದ."

ಧೂಳು ಹೊಸದಲ್ಲ, ಕೆಲಸ ಹೊಸದಲ್ಲ, ರಜೆಯ ಮರುದಿನವೇ ಏಕೆ? ಇದಕ್ಕೆ ಬಿಸಿನೋಸಿಸ್ ಎಂದು ಹೆಸರು. ಇಟಲಿಯ ಬರ್ನಾರ್ಡಿನೊ ರಾಮಜಿನಿ ಅಗಸೆ ಮತ್ತು ಸೆಣಬಿನ ನಾರು ಹಿಕ್ಕುವವರ ಕೆಮ್ಮಿನ ಬಗ್ಗೆ ಮೂರು ಶತಮಾನದ ಹಿಂದೆಯೇ ಬರೆದಿದ್ದರು. 1950ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಶಿಲ್ಲಿಂಗ್, ಲ್ಯಾಂಕಶೈರಿನ ಗಿರಣಿ ಕೆಲಸಗಾರರಿಗೆ ಒಂದೇ ಸರಳ ಪ್ರಶ್ನೆ ಕೇಳಿ ರೋಗದ ಹಂತಗಳನ್ನು ಗುರುತಿಸಿದರು: ವಾರದ ಮೊದಲ ದಿನ ಎದೆ ಬಿಗಿಯುತ್ತದೆಯೇ? ಹತ್ತಿಯ ಎಲೆ, ತೊಗಟೆಗಳ ಚೂರಿಗೆ ಅಂಟಿದ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಇದರ ಮುಖ್ಯ ಕಾರಣ. ಕಾಗಿನೆಲೆ ಬಳಿಯ ಕೊಟ್ಟಿಗೆಯಲ್ಲಿ ಕೂಸಿಗೆ ಪಾಠ ಹೇಳಿದ ಅದೇ ವಸ್ತು! ಅಲ್ಲಿ ಕೊಂಚಕೊಂಚ, ಶೈಶವದಲ್ಲಿ. ಇಲ್ಲಿ ಎಂಟು ತಾಸು, ಮುಚ್ಚಿದ ಕೋಣೆಯಲ್ಲಿ, ವರ್ಷಗಟ್ಟಲೆ.

ದಿನವೂ ತಾಗಿದರೆ ದೇಹ ಅದಕ್ಕೆ ಸಹನೆ ಬೆಳೆಸಿಕೊಳ್ಳುತ್ತದೆ. 1940ರ ದಶಕದಲ್ಲಿ ಪಾಲ್ ಬೀಸನ್ ಮೊಲಗಳಿಗೆ ಬ್ಯಾಕ್ಟೀರಿಯಾದ ಜ್ವರಕಾರಕವನ್ನು ದಿನ ದಿನ ಚುಚ್ಚಿದಾಗ ಜ್ವರ ಇಳಿಯುತ್ತ ಹೋದದ್ದನ್ನು ದಾಖಲಿಸಿದರು. 2007ರಲ್ಲಿ ರುಸ್ಲಾನ್ ಮೆಜಿಟೊವ್ ಬಳಗ, ಈ ಸಹನೆಯ ಹೊತ್ತಿನಲ್ಲಿ ಕೋಶ ಉರಿಯೂತದ ವಂಶವಾಹಿಗಳನ್ನು ಮಾತ್ರ ಮುಚ್ಚಿ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಂಶವಾಹಿಗಳನ್ನು ತೆರೆದಿಡುತ್ತದೆ ಎಂದು ತೋರಿಸಿತು. ಎಂಥ ವಿವೇಕ ನೋಡಿ! ಊರು ಕಾಯುವುದನ್ನು ಬಿಡದೆ ಕೂಗಾಟವನ್ನಷ್ಟೇ ನಿಲ್ಲಿಸುವುದು. ಗಿರಣಿಯ ಎದೆಗಳಲ್ಲೂ ಇಂಥ ಸಹನೆ ವಾರದ ನಡುವೆ ಬೆಳೆಯುತ್ತದೆ, ರಜೆಯಲ್ಲಿ ಕರಗುತ್ತದೆ. ಆಯುಷ್ಯವಿಡೀ ಉಳಿಯುವ ನೆನಪಿರುವ ಇದೇ ದೇಹದಲ್ಲಿ ಎರಡು ದಿನಕ್ಕೆ ಆರಿಹೋಗುವ ನೆನಪೂ ಇದೆ.

"ಆಮ್ಯಾಲ ಏನಾತ್ರಿ?" ಎಂದೆ.

"ಆಮ್ಯಾಲ ಎರಡನೇ ದಿನಾನೂ ಬಿಗ್ಯಾಕ ಹತ್ತಿತು. ಮೂರನೇ ದಿನಾನೂ. ಕಡೀಕ ವಾರದ ಎಲ್ಲಾ ದಿನಾನೂ ಮೊದಲನೇ ದಿನಾನ ಆತು."

ಶಿಲ್ಲಿಂಗ್ ಬರೆದ ಹಂತಗಳೂ ಇವೇ, ಇದೇ ಕ್ರಮದಲ್ಲಿ. ಬಿಸಿನೋಸಿಸ್ಸಿಗೆ ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಜಾಗವಿತ್ತು; ಗಿರಣಿಯವರಿಗೆ ಕನಿಷ್ಠ ತಮ್ಮ ರೋಗದ ಹೆಸರನ್ನು ಹೇಳುವ ಕಾಗದವಿತ್ತು. ತುಂಬು ಬಿಡಿಸುವವರ ಧೂಳಿನಲ್ಲಿ ಖಾರವೊಂದೇ ಇಲ್ಲ. ಕಣದ ಮಣ್ಣು, ತೇವದ ಕಾಯಿಗೆ ಹತ್ತಿದ ಬೂಸ್ಟು, ಬ್ಯಾಕ್ಟೀರಿಯಾ ಎಲ್ಲವೂ ಇವೆ. ಕಾಯಿಯ ಕೆಂಪನ್ನು ಅಂಕಿಯಲ್ಲಿ ಅಳೆದು ದರ ಕಟ್ಟುವ ಅದೇ ಪ್ರಾಂಗಣದಲ್ಲಿ ಇವರ ಉಸಿರನ್ನೂ ಸೀಜನ್ನಿಗೆ ಎರಡು ಸಲವಾದರೂ ಅಳೆಯಬೇಕು. ಒಂದು ಸ್ಪೈರೋಮೀಟರ್ ಊದಿಸಲು ನಿಮಿಷಗಳು ಸಾಕು, ಹಾವೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

ಬ್ಯಾಡಗಿಯ ಅಕ್ಕ ಹೇಳಿದ್ದನ್ನು ಹಿರಿಯರಿಗೆ ಹೇಳಿದೆ. ಚಹಾದ ಲೋಟ ಕೆಳಗಿಟ್ಟು ಕೇಳಿಸಿಕೊಂಡರು.

"ನಾಕ ದಿನದಾಗ ಕೆಮ್ಮು ಹೋತು ಅಂದ್ರ ಸಾಲಂಗಿಲ್ರಿ. ಅಮಾಸಿ ರಜಾ ಮುಗಿಸಿ ಬಂದ ದಿನ ಎದಿ ಹೆಂಗ ಇರತೈತಿ ಕೇಳ್ರಿ. ಹೋದ ವರ್ಷಕ್ಕ ಈ ವರ್ಷಕ್ಕ ಫರಕ್ ಐತೇನು ಕೇಳ್ರಿ. ನಮ್ಮನ್ನ ಯಾರೂ ಕೇಳಲಿಲ್ಲ."

ಮುಂದಿನ ಮಾರುಕಟ್ಟೆಯ ದಿನ ಬೆಳಿಗ್ಗೆ ಬ್ಯಾಡಗಿ ಬಸ್ಸು ಹತ್ತಿದೆ. ಅವರು ಹೇಳಿಕೊಟ್ಟ ಎರಡು ಪ್ರಶ್ನೆಗಳು ನೋಟ್‌ಬುಕ್ಕಿನ ಹೊಸ ಹಾಳೆಯ ಮೇಲಿದ್ದವು. ಅವುಗಳ ಕೆಳಗೆ, ಅಕ್ಕಂದಿರ ಉತ್ತರಗಳಿಗೆಂದು, ಇಡೀ ಪುಟವನ್ನು ಖಾಲಿ ಬಿಟ್ಟುಕೊಂಡಿದ್ದೆ.